ಸಹಿ ಮೊದಲು, ಸಭೆ ಆಮೇಲೆ: ಇದು ನಿಲ್ಲಬೇಕು

ನಮ್ಮ ಮಂಡ್ಯ ಜಿಲ್ಲೆಯ ಒಂದು ಗ್ರಾಮಸಭೆ. ಶಾಮಿಯಾನದ ಬಾಯಲ್ಲೇ ಮೇಜು, ಮೇಜಿನ ಮೇಲೆ ಹಾಜರಾತಿ ಪುಸ್ತಕ. ಬಂದವರೆಲ್ಲ ಮೊದಲು ರುಜು ಹಾಕಬೇಕು, ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಬೇಕು. ನೋಡಲ್ ಅಧಿಕಾರಿ ಬರುವ ಹೊತ್ತಿಗೆ ಪುಸ್ತಕ ತುಂಬಿತ್ತು, ಅರ್ಧ ಜನ ಎದ್ದು ಹೋಗಿದ್ದರು. ಕ್ರಿಯಾ ಯೋಜನೆ ಮೊದಲೇ ಟೈಪಾಗಿತ್ತು, ಓದಿದರು. ಒಂದು ಬೀದಿಯ ಕಾಂಕ್ರೀಟ್ ರಸ್ತೆಯ ಹೆಸರು ಬರುತ್ತಲೇ ಹಿಂದಿನಿಂದ ಒಬ್ಬ ಅಜ್ಜಿ ಎದ್ದರು.

‘ನಮ್ ಬೀದಿಗೆ ಆಗ್ಲೇ ಎಲ್ಡ್ ಸಲ ಕಾಂಕ್ರೀಟ್ ಹಾಕವ್ರೆ ಸ್ವಾಮಿ. ರಸ್ತೆ ನಮ್ ಹೊಸ್ಲಿಗಿಂತ ಎತ್ರ ಆಗದೆ. ಮಳೆ ಬಂದ್ರೆ ಮೋರಿ ನೀರು ಮನೆ ವಳಿಕೇ ಬತ್ತದೆ. ಇನ್ನೊಂದ್ ಸಲ ಹಾಕ್ಬೇಡಿ ಅಂತ ಬರ್ಕಳಿ.’

‘ಬರ್ಕೋತೀವಿ, ಕೂತ್ಕಳವ್ವ’ ಎಂದರು. ಯಾರ ಕೈಯಲ್ಲೂ ಪೆನ್ನು ಇರಲಿಲ್ಲ.

ನಮ್ಮ ಹಳ್ಳಿಗಳ ಯೋಜನೆ ಕೆಟ್ಟಿರುವುದು ಇಲ್ಲೇ. ಹಳೆಯ ಕಾಂಕ್ರೀಟನ್ನು ಅಗೆದು ತೆಗೆಯದೆ ಮೇಲೆ ಮತ್ತೊಂದು ಪದರ ಸುರಿದರೆ ನೀರು ಎತ್ತ ಹರಿಯುತ್ತದೆ ಎಂಬುದು ಆ ಅಜ್ಜಿಗೆ ಗೊತ್ತು. ಅಂದಾಜುಪಟ್ಟಿ ಬರೆದವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಅವರು ಕೇಳಲೂ ಇಲ್ಲ. ಪಟ್ಟಿ ಸಿದ್ಧವಾದ ಮೇಲೆ ಕರೆಯುವ ಸಭೆ, ಸಹಿ ಸಂಗ್ರಹ ಅಷ್ಟೇ. ಅದನ್ನು ಗ್ರಾಮಸಭೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಊರವರ ತಿಳಿವಳಿಕೆ ಎಷ್ಟು ಬೇಕು ಎಂದು ನೋಡಲು ನಮ್ಮ ಜಿಲ್ಲೆಯ ದುದ್ದದ ಕಡೆಗೆ ಬನ್ನಿ. ಮಂಡ್ಯ ಎಂದರೆ ಕನ್ನಂಬಾಡಿ, ನಾಲೆ, ಕಬ್ಬು ಎಂದು ಹೊರಗಿನವರ ಎಣಿಕೆ. ಆದರೆ ದುದ್ದ ಹೋಬಳಿಯಲ್ಲಿ ಆಕಾಶ ನೋಡಿ ಬಿತ್ತುವವರು, ಕೆರೆ ಮತ್ತು ಕೊಳವೆಬಾವಿ ನಂಬಿದವರು ಬಹಳ ಮಂದಿ. ಕಂದಾಯಕ್ಕೆ ಇದು ಮಂಡ್ಯ ತಾಲ್ಲೂಕು, ವಿಧಾನಸಭೆಗೆ ಮೇಲುಕೋಟೆ ಕ್ಷೇತ್ರ. ಕಡತಕ್ಕೆ ಒಂದು ದಿಕ್ಕು, ಅನುದಾನಕ್ಕೆ ಇನ್ನೊಂದು ದಿಕ್ಕು ನೋಡಬೇಕಾದ ಇಂಥ ಹೋಬಳಿಗೆ ತನ್ನದೇ ಯೋಜನೆ ಎಲ್ಲರಿಗಿಂತ ಹೆಚ್ಚು ಬೇಕು. ಯಾವ ಕೆರೆಯ ಕಾಲುವೆ ಎಲ್ಲಿ ಮುಚ್ಚಿದೆ, ಯಾವ ತೂಬು ಸೋರುತ್ತದೆ, ಯಾವ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಗಾಡಿ ಹೂತುಕೊಳ್ಳುತ್ತದೆ ಎಂಬುದು ಅಲ್ಲಿ ಉಳುವವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

‘ಜನರಿಗೆ ಯೋಜನೆ ಮಾಡಲು ಬರುವುದಿಲ್ಲ, ಸಭೆಗೆ ಬಂದರೆ ಜಾತಿ, ಪಕ್ಷ ಎಂದು ಜಗಳ’ ಎನ್ನುವವರಿದ್ದಾರೆ. ಜಗಳ ಆಗುತ್ತದೆ, ನಿಜ. ಊರಿನ ದುಡ್ಡು ಯಾವ ಕೇರಿಗೆ ಹೋಗಬೇಕು ಎಂಬುದು ಜಗಳವಾಡಬೇಕಾದ ವಿಷಯವೇ. ಅದು ಹತ್ತು ಜನರ ಎದುರು ನಡೆದರೆ ಕೊನೆಯ ಕೇರಿಯವರಿಗೂ ಮಾತು ಸಿಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಇತ್ಯರ್ಥವಾದರೆ ಗುತ್ತಿಗೆದಾರನಿಗೆ ಮಾತ್ರ ಸಿಗುತ್ತದೆ. ‘ಜನ ಬರುವುದೇ ಇಲ್ಲ’ ಎಂಬ ದೂರೂ ಉಂಟು. ನಾಟಿ, ಕಬ್ಬು ಕಡಿತದ ದಿನಗಳಲ್ಲಿ ಬೆಳಗ್ಗೆ 11 ಗಂಟೆಗೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಕಳೆದ ಸಲ ಹೇಳಿದ್ದು ಆಗಿಲ್ಲ ಎಂದರೆ ಈ ಸಲ ಯಾಕೆ ಬರಬೇಕು?

ಹಳ್ಳಿಗೆ ಅಧಿಕಾರ ಕೊಡುವ ಹಾದಿಯಲ್ಲಿ ಮುಂದೆ ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು. ಅಬ್ದುಲ್ ನಜೀರ್‌ಸಾಬ್ ಸಚಿವರಾಗಿದ್ದಾಗ 1983ರ ಪಂಚಾಯಿತಿ ಕಾಯ್ದೆ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಬಂದವು. ಪಂಚಾಯಿತಿಗೆ ಮಾನ್ಯತೆ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು ಆಮೇಲೆ, 1993ರಲ್ಲಿ. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯನ್ನು ಪರಿಶೀಲಿಸಿದ ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ನಂತರ 2015ರ ತಿದ್ದುಪಡಿಯಿಂದ ಆ ಕಾಯ್ದೆಯ ಹೆಸರಿಗೇ ‘ಗ್ರಾಮ ಸ್ವರಾಜ್’ ಸೇರಿತು. ಪಂಚಾಯಿತಿಯ ಯೋಜನೆಗೆ ‘ನಮ್ಮ ಗ್ರಾಮ, ನಮ್ಮ ಯೋಜನೆ’ ಎಂಬ ಹೆಸರೂ ಬಂತು. ಪಕ್ಕದ ಕೇರಳ 1996ರಲ್ಲಿ ಜನಯೋಜನೆ ಆರಂಭಿಸಿದಾಗ ರಾಜ್ಯದ ಯೋಜನಾ ಹಣದ ನೂರರಲ್ಲಿ 35ರಿಂದ 40 ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟು, ‘ಈಗ ಯೋಜನೆ ಮಾಡಿ’ ಎಂದಿತು. ನಾವು ಹೆಸರು ಕೊಟ್ಟೆವು, ಹಣದ ಗಂಟು ನಮ್ಮಲ್ಲೇ ಇಟ್ಟುಕೊಂಡೆವು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲೂ ನೂರಕ್ಕೆ 60 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೆಂದು ಮೇಲಿನಿಂದಲೇ ಕಟ್ಟಿಟ್ಟದ್ದು. ಕೆರೆ ಕಾಲುವೆಗೋ ಹೊಲದ ದಾರಿಗೋ ಉಳಿದ 40ರಲ್ಲೇ ಜಾಗ ಹುಡುಕಬೇಕಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂಬ ನೆಪದಲ್ಲಿ ವರ್ಷಗಟ್ಟಲೆ ಚುನಾವಣೆ ಮುಂದೆ ಹೋಯಿತು. ಸಂವಿಧಾನ ಹೇಳುವ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರ ನಡುವಿನಿಂದಲೇ ಬರಬೇಕು. ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲದಿದ್ದರೆ ಹಳ್ಳಿಯ ಯೋಜನೆಯನ್ನು ಜಿಲ್ಲೆಯಲ್ಲಿ ಎತ್ತಿ ಹಿಡಿಯುವವರು ಯಾರು? ಗ್ರಾಮಸಭೆ ಮಾಡಿ ಎಂದು ಹಳ್ಳಿಗೆ ಬೋಧಿಸಿ, ಮೇಲಿನ ಎರಡು ಮೆಟ್ಟಿಲು ಕಿತ್ತುಹಾಕುವುದು ಯಾವ ಪಕ್ಷದ ಸರ್ಕಾರ ಮಾಡಿದರೂ ತಪ್ಪು.

ಕೇಳದೆ ಮಾಡಿದ ಯೋಜನೆಗೆ ಕೊನೆಗೆ ಬೆಲೆ ತೆರಬೇಕಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಭಾಗದ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಗುರುತಿಸಿದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅದೇ ವರ್ಷ ಕನ್ನಂಬಾಡಿಯಲ್ಲಿ ಕಾವೇರಿ ಆರತಿ, ಮನರಂಜನಾ ಉದ್ಯಾನ ಎಂದು ಹೊರಟಾಗ ನಮ್ಮ ಜಿಲ್ಲೆಯ ರೈತ ಸಂಘಟನೆಗಳು ಬೀದಿಗಿಳಿದವು. ಮೊದಲ ದಿನವೇ ಊರಿನ ಮುಂದೆ ಕೂತು ಕೇಳಿದ್ದರೆ ಇಷ್ಟು ವರ್ಷದ ಹೋರಾಟ, ಇಷ್ಟು ಸಿಟ್ಟು ತಪ್ಪುತ್ತಿತ್ತು.

ಆಗಬೇಕಾದದ್ದು ದೊಡ್ಡದೇನಲ್ಲ. ಈ ವರ್ಷ ಪಂಚಾಯಿತಿಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ಸಭೆಗೆ ಮೊದಲೇ ಗೋಡೆಯ ಮೇಲೆ ಬರೆಯಲಿ. ಕಾನೂನು ಹೇಳುವಂತೆ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ ನಡೆಯಲಿ, ಹೊತ್ತು ಇಳಿದ ಮೇಲೆ ನಡೆಯಲಿ. ಕಳೆದ ವರ್ಷ ಬರೆಸಿದ್ದರಲ್ಲಿ ಏನಾಯಿತು, ಏನಾಗಲಿಲ್ಲ, ಯಾಕೆ ಎಂದು ಮೊದಲು ಲೆಕ್ಕ ಕೊಡಲಿ. ನಮ್ಮ ಪಾಲಿನ ಕೆಲಸವೂ ಇದೆ: ಓಟಿಗೆ ಸಾಲು ನಿಲ್ಲುವ ನಾವು ಗ್ರಾಮಸಭೆಯಲ್ಲಿ ಕೊನೆಯವರೆಗೂ ಕೂರಬೇಕು.

ಆಮೇಲೆ ಆ ಹಾಜರಾತಿ ಪುಸ್ತಕ. ಅದನ್ನು ಬಾಗಿಲಿಂದ ಎತ್ತಿ ಸಭೆಯ ಕೊನೆಗೆ ತನ್ನಿ. ಅಜ್ಜಿ ಹೇಳಿದ್ದು ನಡಾವಳಿಯಲ್ಲಿ ಅವರು ಹೇಳಿದ ಹಾಗೇ ಬರಲಿ. ಅದನ್ನು ಗಟ್ಟಿಯಾಗಿ ಓದಿ ಹೇಳಿ. ಕೇಳಿಸಿಕೊಂಡು, ‘ಸರಿಯಾಗದೆ’ ಎಂದ ಮೇಲೆ ಅವರು ಹೆಬ್ಬೆಟ್ಟು ಒತ್ತಲಿ.