ಚಿನ್ನದ ಲೇಖನಿ, ಶಾಯಿಯ ಹಾದಿ

ಕುರ್‌ಆನಿನ ಒಂದು ಅಧ್ಯಾಯಕ್ಕೇ ‘ಅಲ್ ಕಲಮ್’, ಅಂದರೆ ಲೇಖನಿ ಎಂಬ ಹೆಸರಿದೆ. ಅಂತಹ ಲೇಖನಿಯು ಇಂದು ಸಿರಿವಂತಿಕೆಯ ಪ್ರದರ್ಶನಕ್ಕೂ ಬಳಕೆಯಾಗುತ್ತಿದೆ. 2009ರಲ್ಲಿ ಮೋಂಟ್‌ಬ್ಲಾಂಕ್ ಸಂಸ್ಥೆಯು ಮಹಾತ್ಮ ಗಾಂಧಿಯವರ ಹೆಸರಿನಲ್ಲಿ ಬಿಳಿಚಿನ್ನದ 241 ಲೇಖನಿಗಳನ್ನು ಹೊರತಂದಿತು. ಆ ಸಂಖ್ಯೆ ದಂಡಿ ಯಾತ್ರೆಯ ಮೈಲಿಗಳದ್ದು. ಒಂದೊಂದರ ಬೆಲೆ ಆಗ ಹತ್ತು ಲಕ್ಷ ರೂಪಾಯಿಗೂ ಅಧಿಕವಾಗಿತ್ತು. ಬಡವರ ಉಪ್ಪಿಗಾಗಿ ನಡೆದ ನಡಿಗೆಯನ್ನು ಬಡವರು ಮುಟ್ಟಲಾಗದ ವಸ್ತುವಿನಿಂದ ಸ್ಮರಿಸುವುದು ಗೌರವವೇ? ಅಲ್ಲವೆಂದೇ ನಾವು ಭಾವಿಸುತ್ತೇವೆ. 2010ರಲ್ಲಿ ವಿಷಯವು ಕೇರಳ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕ ಭಾರತದಲ್ಲಿ ಅದರ ಮಾರಾಟ ನಿಂತಿತು.

ಫೌಂಟನ್ ಪೆನ್ನಿನ ಒಳಗನ್ನು ನೋಡೋಣ. ನಿಬ್ಬಿನ ಕೆಳಗಿನ ‘ಫೀಡ್’ ಎಂಬ ಭಾಗದಲ್ಲಿ ಅತಿ ಸಣ್ಣ ಕಾಲುವೆಗಳಿವೆ. ಲೋಮನಾಳ ಕ್ರಿಯೆಯಿಂದ ಶಾಯಿಯು ಅವುಗಳ ಮೂಲಕ ನಿಬ್ಬಿನ ಸೀಳಿಗೆ, ಅಲ್ಲಿಂದ ಕಾಗದಕ್ಕೆ ಸಾಗುತ್ತದೆ. ಹೊರಹೋದ ಶಾಯಿಯ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಬರಹ ನಿಲ್ಲುತ್ತದೆ. ನಿಬ್ಬು ಚಿನ್ನದ್ದಾದರೆ ಶಾಯಿಗೆ ಸವೆಯದು ಎಂಬ ಉಪಯೋಗವುಂಟು. ಹೊರಮೈಯ ಚಿನ್ನದಿಂದ ಮಾತ್ರ ಒಂದು ಹನಿ ಶಾಯಿಯೂ ಹೆಚ್ಚು ಸುಗಮವಾಗಿ ಹರಿಯದು. ನೂರು ರೂಪಾಯಿಯ ಪೆನ್ನಿನಲ್ಲಿಯೂ ನಡೆಯುವುದು ಇದೇ ಕ್ರಿಯೆ.

ನಮ್ಮ ಮಕ್ಕಳಿಗೆ ಅಂತಹ ಸರಳ ಪೆನ್ನೊಂದನ್ನು ಕೊಡೋಣ. ಅದನ್ನು ತೊಳೆದು, ಶಾಯಿ ತುಂಬಿ, ದಿನವೂ ಬರೆಯಲು ಕಲಿಸೋಣ. ಬರೆಯದೆ ಇಟ್ಟರೆ ಶಾಯಿ ಒಣಗಿ ಕಾಲುವೆ ಕಟ್ಟಿಕೊಳ್ಳುತ್ತದೆ. ಲಕ್ಷಗಳ ಲೇಖನಿಗೂ ಇದರಿಂದ ವಿನಾಯಿತಿಯಿಲ್ಲ.