ಮೂರನೇ ಪಿಸ್ಟನ್ ಹಾಕುವ ಮುನ್ನ

ಬೆಂಗಳೂರಿನ ಹೊಸಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಹಳೇ ಪೇಪರಿನ ಮೇಲೆ ಎರಡು ಪಿಸ್ಟನ್‌ಗಳು ಕೂತಿವೆ. ಎರಡೂ ಒಂದೇ ಯೆಜ್ಡಿ ರೋಡ್‌ಕಿಂಗ್‌ನವು. ಒಂದು, ಗಾಡಿ ಕೊಂಡಾಗ ಒಳಗಿದ್ದದ್ದು. ಇನ್ನೊಂದು, ಅದು ಸೀಜ್ ಆದ ಮೇಲೆ ಬೋರ್ ಹೊಡೆಸಿ ಹಾಕಿದ್ದು. ಅದೂ ಏಳು ತಿಂಗಳು ಬಾಳಿತು ಅಷ್ಟೆ. ಗಾಡಿ ಅಣ್ಣನ ಮಗನದು. ಸೆಕೆಂಡ್ ಹ್ಯಾಂಡ್ ಅನ್ನುವುದೂ ತಪ್ಪು, ಅವನದು ಐದನೆಯ ಕೈಯೋ ಆರನೆಯದೋ. ಮೂರನೇ ಪಿಸ್ಟನ್ ಜೆ.ಸಿ. ರಸ್ತೆಯಿಂದ ಬಂದು ಡಬ್ಬದಲ್ಲೇ ಇದೆ. ಅದನ್ನು ಹಾಕುವ ಮೊದಲು ಏನು ಮಾಡಬೇಕು ಅನ್ನುವ ಬಗ್ಗೆ ಇಬ್ಬರು ಮೆಕ್ಯಾನಿಕ್‌ಗಳು ಎರಡು ಮಾತು ಹೇಳಿದ್ದಾರೆ. ಇಬ್ಬರೂ ಕೆಲಸ ಬಲ್ಲವರು. ಹಾಗಾಗಿಯೇ ತಲೆನೋವು.

ಮಾಗಡಿ ರಸ್ತೆ ಕಡೆಯವರು ನಲವತ್ತರ ಆಸುಪಾಸಿನವರು. ಗಾಡಿ ನೋಡಿದ ತಕ್ಷಣ, "ಸಾರ್, ಇಂಜಿನ್ ಪೂರ್ತಿ ಇಳಿಸ್ಬಿಡೋಣ. ಕ್ರ್ಯಾಂಕು, ಬೇರಿಂಗು, ಸೀಲು, ಎಲ್ಲಾ ಹೊಸದು. ಒಂದೇ ಸಲ ಮುಗೀಲಿ" ಅಂದರು. ಇನ್ನೊಬ್ಬರು ವಿಜಯನಗರದ ಕಡೆಯವರು, ವಯಸ್ಸಾದವರು, ಈಗ ದಿನಕ್ಕೆ ಒಂದೆರಡು ಗಾಡಿಗಿಂತ ಹೆಚ್ಚು ಮುಟ್ಟುವುದಿಲ್ಲ. ಅವರು ಗಾಡಿಗಿಂತ ಮೊದಲು ಪಿಸ್ಟನ್ ಕೇಳಿದರು. "ಬಿಚ್ಚೋದು ಯಾವಾಗ ಬೇಕಾದ್ರೂ ಬಿಚ್ಚಬಹುದು ಸ್ವಾಮಿ. ಯಾಕೆ ಹಿಡೀತು ಅಂತ ಗೊತ್ತಾಗ್ದೆ ಬಿಚ್ಚಬೇಡಿ" ಅಂದರು.

ಓದುಗರಲ್ಲಿ ಯೆಜ್ಡಿ ಓಡಿಸದವರೂ ಇರುತ್ತಾರೆ, ಸ್ವಲ್ಪ ಹಿನ್ನೆಲೆ ಬೇಕು. ಝೆಕ್ ಮೂಲದ ಜಾವಾ ಗಾಡಿಯನ್ನು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ತಯಾರಿಸಿತು. ಆಮೇಲೆ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ, ಕಾರ್ಖಾನೆ ನಿಂತದ್ದು 1996ರಲ್ಲಿ. 2022ರಲ್ಲಿ ಅದೇ ಹೆಸರು ಹೊತ್ತು ಬಂದ ಹೊಸ ಗಾಡಿ ಫೋರ್ ಸ್ಟ್ರೋಕ್. ನಮ್ಮ ಮೆಟ್ಟಿಲ ಕೆಳಗಿನ ಪಿಸ್ಟನ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಅಂದರೆ ಇವತ್ತು ರಸ್ತೆ ಮೇಲಿರುವ ಅತಿ ಎಳೆಯ ಹಳೇ ಯೆಜ್ಡಿಗೂ ಮೂವತ್ತರ ಹತ್ತಿರ ಪ್ರಾಯ. ಕಂಪನಿಯ ಬಿಡಿಭಾಗ ಸಿಕ್ಕರೆ ಅದೃಷ್ಟ. ಸಿಗುವುದರಲ್ಲಿ ಬಹುಪಾಲು ಸಣ್ಣಪುಟ್ಟ ತಯಾರಕರದು, ಒಂದು ಡಬ್ಬದ ಮಾಲು ಚೆನ್ನಾಗಿದ್ದರೆ ಪಕ್ಕದ ಡಬ್ಬದ್ದು ಹಾಗಿರಬೇಕೆಂದೇನಿಲ್ಲ.

ಟೂ ಸ್ಟ್ರೋಕ್ ಇಂಜಿನ್ನಿನ ಒಂದು ಗುಣ ಈ ಜಗಳದ ಬುಡದಲ್ಲಿದೆ. ಕಾರ್ಬೊರೇಟರಿನಿಂದ ಬಂದ ಪೆಟ್ರೋಲು, ಆಯಿಲ್ಲು, ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಗೆ ಇಳಿಯುತ್ತದೆ, ಪಿಸ್ಟನ್ ಕೆಳಕ್ಕೆ ಬಂದಾಗ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಮೇಲಕ್ಕೇರುತ್ತದೆ. ಅಂದರೆ ಆ ಕೋಣೆ ಒಂದು ಪಂಪು. ಪಂಪಿನಲ್ಲಿ ಎಲ್ಲೇ ತೂತು ಬಿದ್ದರೂ ಲೆಕ್ಕ ತಪ್ಪುತ್ತದೆ. ಕ್ಲಚ್ ಕಡೆಯ ಆಯಿಲ್ ಸೀಲ್ ಹೋದರೆ ಅಲ್ಲಿನ ಆಯಿಲ್ ಒಳಕ್ಕೆ ಸೇರಿ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಇದು ಒಂದು ರೀತಿಯಲ್ಲಿ ಒಳ್ಳೆಯ ಕಾಯಿಲೆ, ಬೀದಿಗೆಲ್ಲ ಕಾಣುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಒಳಗೆ ಸೇರುವುದು ಬರೀ ಗಾಳಿ. ಹೊಗೆಯಿಲ್ಲ, ಸೋರಿದ ಕಲೆಯಿಲ್ಲ. ಪೆಟ್ರೋಲಿಗೆ ಗಾಳಿ ಹೆಚ್ಚಾಗಿ ಉರಿ ಬಿಸಿಯಾಗುತ್ತದೆ. ಅಲ್ಯುಮಿನಿಯಮ್ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ನಡುವೆ ಇರುವ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸುವಂಥದ್ದು, ಅದು ಮುಚ್ಚಿಹೋದರೆ ಹಿಂದಿನ ಚಕ್ರ ರಸ್ತೆಗೆ ಕಚ್ಚಿಕೊಳ್ಳುತ್ತದೆ.

ಹುಡುಗನಿಗೆ ಹೀಗಾದದ್ದು ಮೂರು ಸಲ. ಒಮ್ಮೆ ತಾವರೆಕೆರೆ ದಾಟಿದ ಮೇಲೆ, ಒಮ್ಮೆ ಬಿಡದಿಯ ಹತ್ತಿರ, ಕೊನೆಯದು ರಾಮನಗರ ಮುಟ್ಟುವ ಮೊದಲು. ಬಿಡದಿಯಲ್ಲಿ ಹತ್ತು ನಿಮಿಷ ತಣ್ಣಗಾದ ಮೇಲೆ ಕಿಕ್ಕರ್ ಇಳಿಯಿತು, ಮೆಲ್ಲಗೆ ಮನೆಗೆ ಬಂದ. ವಿಜಯನಗರ, ರಾಜಾಜಿನಗರದ ಟ್ರಾಫಿಕ್ಕಿನಲ್ಲಿ ಒಂದು ದಿನವೂ ಹೀಗಾಗಿಲ್ಲ. ಮೂರೂ ಸಲ ಊರು ದಾಟಿ, ಒಂದೇ ವೇಗದಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿಸಿದ ಮೇಲೆಯೇ. ಈ ವಿವರವನ್ನು ಮೊದಲ ಮೆಕ್ಯಾನಿಕ್ ಕೇಳಲಿಲ್ಲ, ಹುಡುಗ ಹೇಳಲೂ ಇಲ್ಲ.

ಇಂಜಿನ್ ಇಳಿಸಬೇಕು ಅನ್ನುವವರ ವಾದವನ್ನು ದುಡ್ಡು ಹೊಡೆಯುವ ಉಪಾಯ ಅಂತ ತಳ್ಳಿಹಾಕುವುದು ಸುಲಭ, ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ ಅದರಲ್ಲಿ ತೂಕವಿದೆ. ಒಂದು ಸಲ ಸೀಜ್ ಆದರೆ ಪಿಸ್ಟನ್ನಿನ ಅಲ್ಯುಮಿನಿಯಮ್ ಚೂರು ಕೆಳಗಿನ ಕೋಣೆಗೆ ಬೀಳಬಹುದು. ಅಲ್ಲಿ ಕನೆಕ್ಟಿಂಗ್ ರಾಡಿನ ದೊಡ್ಡ ಬೇರಿಂಗ್ ಇದೆ. ಮೇಲೆ ಹೊಸ ಪಿಸ್ಟನ್ ಕೂರಿಸಿ ಕೆಳಗೆ ಪುಡಿ ಹಾಗೇ ಬಿಟ್ಟರೆ, ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಐದಾರು ಜನ ಓಡಿಸಿದ ಗಾಡಿ, ಹಿಂದಿನವರು ಯಾವ ಊರಿನ ಯಾವ ಸೀಲ್ ಹಾಕಿದ್ದರೋ ಕಾಗದವಿಲ್ಲ. ಇನ್ನೂ ಒಂದು ಮಾತಿದೆ, ಅದನ್ನೇ ನಾನು ಹೆಚ್ಚು ಯೋಚಿಸಿದ್ದು. ಹುಡುಕುವುದು ಅಂದರೆ ಒಂದೊಂದನ್ನೇ ಬದಲಿಸಿ ನೋಡುವುದು. ಕಾರ್ಬೊರೇಟರಿನ ಜೆಟ್ ಬದಲಿಸಿದೆ, ಓಡಿಸಿದೆ, ಸರಿಯೋ? ಪಾಯಿಂಟ್ ಸೆಟ್ ಮಾಡಿದೆ, ಓಡಿಸಿದೆ, ಈಗ ಸರಿಯೋ? ಬಲ್ಬು ಹತ್ತದಿದ್ದರೆ ಹೀಗೆ ನೋಡಬಹುದು. ಇಲ್ಲಿ ಊಹೆ ತಪ್ಪಾದರೆ ಒಂದು ಪಿಸ್ಟನ್, ಒಂದು ಬೋರ್ ಹೋಯಿತು. ಹಿಂದೆ ಲಾರಿ ಇದ್ದರೆ ಅದಕ್ಕಿಂತ ದೊಡ್ಡದೂ ಹೋದೀತು.

ಬಿಚ್ಚಬೇಡಿ ಅನ್ನುವವರದೂ ಅಷ್ಟೇ ಗಟ್ಟಿ ಮಾತು. ಬಿಚ್ಚಿದಾಗಲೆಲ್ಲ ಸಾಕ್ಷಿ ಅಳಿಸುತ್ತದೆ. ಸಿಲಿಂಡರಿನ ಬುಡದ ಪ್ಯಾಕಿಂಗಿನಿಂದ ಗಾಳಿ ಸೇರುತ್ತಿತ್ತು ಅಂತಿಟ್ಟುಕೊಳ್ಳಿ. ಬಿಚ್ಚಿದ ಕ್ಷಣ ಆ ಪ್ಯಾಕಿಂಗ್ ಹರಿಯಿತು, ಅಲ್ಲೇ ಸೋರುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ತಿಳಿಯದು. ಎಲ್ಲವನ್ನೂ ಹೊಸದು ಹಾಕಿ ಗಾಡಿ ಓಡಿದರೂ ಯಾಕೆ ಓಡಿತು ಗೊತ್ತಿರುವುದಿಲ್ಲ, ಓಡದಿದ್ದರಂತೂ ಹೊಸ ತಪ್ಪು ಯಾವುದು, ಹಳೇ ತಪ್ಪು ಯಾವುದು ಎಂಬ ಗೊಂದಲ. ನಲವತ್ತು ವರ್ಷ ಜೊತೆಯಾಗಿ ಸವೆದ ಭಾಗಗಳನ್ನು ಬಿಡಿಸಿ, ಗುಣಮಟ್ಟ ಗೊತ್ತಿಲ್ಲದ ಹೊಸ ಬೇರಿಂಗ್ ಬಡಿದು ಕೂರಿಸುವುದು ಯಾವಾಗಲೂ ಲಾಭವಲ್ಲ. ಸಿಲಿಂಡರ್ ಕೂಡ ಅಕ್ಷಯಪಾತ್ರೆಯಲ್ಲ. ಮೂಲ ಬೋರ್ 65 ಮಿ.ಮೀ., ಪ್ರತಿ ಸಲ ಕಾಲು ಮಿಲಿಮೀಟರಿನಷ್ಟೋ ಹೆಚ್ಚೋ ಕೊರೆಯುತ್ತಾ ಹೋದರೆ ಒಂದು ದಿನ ಕೊರೆಯಲು ಗೋಡೆಯೇ ಉಳಿಯುವುದಿಲ್ಲ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯವರು ಎಷ್ಟೇ ಕೈಚಳಕದವರಾದರೂ ಕೊರೆದದ್ದನ್ನು ತುಂಬಿಕೊಡಲಾರರು.

ಆ ಹಿರಿಯರು ಪಿಸ್ಟನ್ ಓದಿದ ಬಗೆ ನೋಡುವಂತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದರು. ನಾಲ್ಕೂ ಮೂಲೆಯಲ್ಲಿ ಸಮನಾಗಿ ಉಜ್ಜಿದ ಗುರುತಿದ್ದರೆ ಬೋರ್ ಬಿಗಿಯಾಗಿತ್ತು, ಇಲ್ಲವೇ ತಣ್ಣನೆಯ ಇಂಜಿನ್ನನ್ನು ಒಮ್ಮೆಲೇ ಎಳೆದಿದ್ದಾರೆ. ತಲೆಯ ನಡುವೆ ಕರಗಿ ತೂತು ಬಿದ್ದಿದ್ದರೆ ಕಿಡಿ ಬೇಗ ಹಾರುತ್ತಿತ್ತು, ಟೈಮಿಂಗ್ ನೋಡಬೇಕು. ಸೈಲೆನ್ಸರ್ ಕಡೆಯ ಪಕ್ಕ ಮಾತ್ರ ಬಳಿದುಕೊಂಡಿದ್ದರೆ ಮಿಶ್ರಣ ಬಡಕಲು (ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ), ಅಥವಾ ಆಯಿಲ್ ಕಡಿಮೆ. ನಮ್ಮ ಎರಡೂ ಪಿಸ್ಟನ್‌ಗಳಲ್ಲಿ ಗುರುತು ಸೈಲೆನ್ಸರ್ ಕಡೆಯೇ ಇತ್ತು. ಎರಡೂ ಒಂದೇ ಕಥೆ ಹೇಳಿದವು. ಮೊದಲನೆಯದನ್ನು ಬಿಚ್ಚಿದ ದಿನವೇ ಯಾರಾದರೂ ಹೀಗೆ ತಿರುಗಿಸಿ ನೋಡಿದ್ದರೆ ಎರಡನೆಯದು ಉಳಿಯುತ್ತಿತ್ತೇನೋ.

"ಆಯಿಲ್ ಎಷ್ಟು ಹಾಕ್ತೀಯಪ್ಪಾ?" ಅಂತ ಹುಡುಗನನ್ನು ಕೇಳಿದರು. ಮೊದಲು ಲೀಟರಿಗೆ 40 ಮಿಲಿ ಹಾಕುತ್ತಿದ್ದನಂತೆ. ಸೀಜ್ ಆದ ಮೇಲೆ ಹೆದರಿ 60ಕ್ಕೆ ಏರಿಸಿದ್ದ. ಹಿರಿಯರು ನಕ್ಕರು. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಮ್ಮಿ ಹೋಗುತ್ತದೆ. ಬಡಕಲು ಮಿಶ್ರಣಕ್ಕೆ ಮದ್ದು ಅಂತ ಹಾಕಿದ್ದು ಅದನ್ನು ಇನ್ನಷ್ಟು ಬಡಕಲು ಮಾಡಿರಬಹುದು.

ಪೆಟ್ರೋಲಿನದೂ ಒಂದು ಪಾಲಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ. 20 ಎಥೆನಾಲ್ ಬೆರೆತ ಇಂಧನ ಬಿಡುಗಡೆಯಾಯಿತು, ಈಗ ಬಂಕಿನಲ್ಲಿ ಬರುವುದು ಅದೇ. ಶುದ್ಧ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಮಿಶ್ರ ಇಂಧನವನ್ನು ಹಳೇ ಜೆಟ್ಟಿನಲ್ಲೇ ಓಡಿಸಿದರೆ ಗಾಳಿಯ ಪಾಲು ತಾನಾಗಿ ಹೆಚ್ಚುತ್ತದೆ. ಹೊಸ ಗಾಡಿಯಲ್ಲಿ ಸೆನ್ಸರು ನೋಡಿಕೊಳ್ಳುತ್ತದೆ. ಯೆಜ್ಡಿಗೆ ಸೆನ್ಸರು ಅಂದರೆ ಸವಾರನ ಕಿವಿ. ಆದರೆ ಇದೊಂದನ್ನೇ ಹಿಡಿದು ಸರ್ಕಾರವನ್ನು ಬೈದು ಕೂರುವುದೂ ಸರಿಯಲ್ಲ. ಅದೇ ಬಂಕಿನಲ್ಲಿ ತುಂಬಿಸಿಕೊಂಡು ಎಷ್ಟೋ ಯೆಜ್ಡಿಗಳು ಈ ಊರಿನಲ್ಲಿ ಓಡುತ್ತಿವೆ.

ಕಾರಣ ಇಂಜಿನ್ನಿನ ಹೊರಗಿದ್ದು ಪೆಟ್ಟು ಇಂಜಿನ್ನಿಗೆ ಬೀಳುವುದು ಬೈಕಿಗಷ್ಟೇ ಅಲ್ಲ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಆಳವಿಲ್ಲದ ನದಿಗಳಿಗೆಂದು ಬೆಳೆಸಿದ ಜೆಟ್ ಬೋಟನ್ನೇ ನೋಡಿ. ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಓಡುವ ದೋಣಿ. ಇಂಥ ಎಷ್ಟೋ ದೋಣಿಗಳಲ್ಲಿ ಇಂಜಿನ್ ತಣ್ಣಗಾಗಲು ನೀರು ಬರುವುದೂ ಆ ನದಿಯಿಂದಲೇ. ದಡದ ಮರಳೋ ಜೊಂಡೋ ಆ ದಾರಿಗೆ ಸಿಕ್ಕಿಕೊಂಡರೆ ಇಂಜಿನ್ ಸುಡುತ್ತದೆ. ಸುಟ್ಟ ಇಂಜಿನ್ ತೆಗೆದು ಹೊಸದು ಕೂರಿಸಿ, ಮರಳು ಹಾಗೇ ಬಿಟ್ಟರೆ ಹೊಸದೂ ಸುಡುತ್ತದೆ. ಮಲ್ಪೆ, ಮುರ್ಡೇಶ್ವರದ ತೀರದಲ್ಲಿ ಪ್ರವಾಸಿಗರನ್ನು ಸುತ್ತಿಸುವ ವಾಟರ್ ಸ್ಕೂಟರಿಗೂ ಮರಳು ಶತ್ರುವೇ. ಹಾಗಂತ ದೋಣಿಯವರೂ ಹೊರಗಿನ ದಾರಿ ತೊಳೆದು ಕೈಕಟ್ಟಿ ಕೂರುವ ಹಾಗಿಲ್ಲ. ಒಮ್ಮೆ ಅತಿಯಾಗಿ ಕಾದ ಇಂಜಿನ್ನಿನ ಹೆಡ್ ಸೊಟ್ಟಗಾಗಿದ್ದರೆ ನೀರು ಸರಾಗ ಬಂದರೂ ಅದು ನಿಲ್ಲುವುದಿಲ್ಲ. ಮೊದಲ ಪೆಟ್ಟಿನ ಕಾರಣ ಬೇರೆ, ಎರಡನೆಯದರ ಕಾರಣ ಬೇರೆ ಇರುವುದೂ ಉಂಟು. ನಮ್ಮ ಹಿರಿಯರ ವಾದದಲ್ಲಿ ನನಗೆ ಸಡಿಲವಾಗಿ ಕಂಡದ್ದು ಇದೊಂದೇ ಕಡೆ.

ಇನ್ನು ಬಿಲ್ಲಿನ ವಿಷಯ. ಇಂಜಿನ್ ಇಳಿಸುವವರ ಚೀಟಿಯಲ್ಲಿ ಸಾಲುಸಾಲು ಐಟಂ ಇರುತ್ತದೆ, ಗಿರಾಕಿ ಓದಿ ತಲೆಯಾಡಿಸಿ ದುಡ್ಡು ಕೊಡುತ್ತಾನೆ. ಎರಡು ದಿನ ಕೂತು ಹುಡುಕಿ, ಕೊನೆಗೆ ಐವತ್ತು ರೂಪಾಯಿಯ ರಬ್ಬರು ಬದಲಿಸಿದವರ ಚೀಟಿಯಲ್ಲಿ ಏನು ಬರೆಯುವುದು? "ಬರೀ ಒಂದು ಸೀಲಿಗೆ ಇಷ್ಟಾ?" ಅಂತ ಕೇಳುವವರು ನಾವೇ. ಹುಡುಕುವ ಕೆಲಸಕ್ಕೆ ಕೂಲಿ ಕೊಡದ ಊರಿನಲ್ಲಿ ಮೆಕ್ಯಾನಿಕ್ಕು ಬಿಚ್ಚುವ ಕೆಲಸವನ್ನೇ ಕಲಿಯುತ್ತಾನೆ. ಮಾಗಡಿ ರಸ್ತೆಯವರನ್ನು ದೂರುವಾಗ ನನ್ನ ನಾಲಿಗೆ ತುಸು ತಡೆಯುವುದು ಇದಕ್ಕೇ. ಗಾಡಿ ಮಾರಿದವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಊರೊಳಗೆ ಮಾತ್ರ ಓಡಿಸುತ್ತಿದ್ದನಂತೆ, ಅವನಿಗೆ ಈ ಕಾಯಿಲೆ ಗೊತ್ತೇ ಇರಲಿಲ್ಲ ಅಂದರೂ ನಂಬಬಹುದು.

ನಾನು ವಾಲುವುದು ಮೊದಲು ಹುಡುಕುವ ಕಡೆಗೆ. ಆದರೆ ಓಡಿಸಿ ಓಡಿಸಿ ನೋಡುವ ಹುಡುಕಾಟ ಬೇಡ. ನಿಲ್ಲಿಸಿಯೇ ಮಾಡುವ ಪರೀಕ್ಷೆ ಇದ್ದರೆ ಹುಡುಕಬೇಕು, ಇಲ್ಲದಿದ್ದರೆ ಇಳಿಸುವವರ ಮಾತೇ ಸುರಕ್ಷಿತ. ಅಂಥ ಪರೀಕ್ಷೆ ಇದೆ. ಹಳೇ ಪಿಸ್ಟನ್ನನ್ನೇ ಮತ್ತೆ ಇಳಿಬಿಟ್ಟು, ಸಿಲಿಂಡರು ಹೆಡ್ಡು ಕೂರಿಸಿ, ಕಾರ್ಬೊರೇಟರಿನ ಬಾಯಿ, ಎರಡೂ ಸೈಲೆನ್ಸರಿನ ಬಾಯಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಮುಚ್ಚಿ, ಒಳಕ್ಕೆ ಗಾಳಿ ತುಂಬಬೇಕು. ಟೈರಿಗೆ ತುಂಬುವಷ್ಟು ತುಂಬಿದರೆ ಸೀಲುಗಳೇ ಕಿತ್ತು ಬಂದಾವು. ಬೇಕಾದದ್ದು ಐದಾರು ಪಿಎಸ್‌ಐ ಮಾತ್ರ. ಅದನ್ನು ಪಾದರಸದ ಲೆಕ್ಕಕ್ಕೆ ತಂದರೆ ಸುಮಾರು 300 ಮಿ.ಮೀ., ಅಂದರೆ ಡಾಕ್ಟರ ಬಿ.ಪಿ. ಮೀಟರಿನ ಕೊನೆಯ ಗೆರೆ. ನಮ್ಮ ಅತ್ತಿಗೆಯ ಬಿ.ಪಿ. ಪಂಪು ಹೀಗೆ ಗ್ಯಾರೇಜಿಗೆ ಹೋಯಿತು.

ಹಿರಿಯರು ಬಲ್ಬು ಹಿಸುಕಿದರು. ಮುಳ್ಳು 280ಕ್ಕೆ ಏರಿ, ನೋಡನೋಡುತ್ತಲೇ ಇಳಿಯತೊಡಗಿತು. ಸೋಪಿನ ನೀರು ಬಳಿದರು. ಪ್ಲಗ್ಗಿನ ಬುಡ, ಹೆಡ್ಡು, ಸಿಲಿಂಡರಿನ ಪ್ಯಾಕಿಂಗ್, ಕಾರ್ಬೊರೇಟರಿನ ಕಡೆ, ಎಲ್ಲೂ ಏನೂ ಇಲ್ಲ. ಮ್ಯಾಗ್ನೆಟ್ ಬಿಚ್ಚಿ ಅಲ್ಲಿ ಬಳಿದಾಗ ಶಾಫ್ಟಿನ ಸುತ್ತ ನೊರೆ ಎದ್ದಿತು. ಸಿಗ್ನಲ್ಲಿನಲ್ಲಿ ನಿಂತಾಗ ಆಕ್ಸಿಲರೇಟರ್ ಮುಟ್ಟದಿದ್ದರೂ ಐಡ್ಲಿಂಗ್ ಏರುತ್ತಿತ್ತು ಅಂತ ಹುಡುಗನಿಗೆ ಆಗ ನೆನಪಾಯಿತು. ಕೇಬಲ್ ಹಿಡಿಯುತ್ತಿದೆ ಅಂತ ಎಣ್ಣೆ ಬಿಟ್ಟುಕೊಂಡು ಓಡಾಡಿದ್ದನಂತೆ. ಹಿರಿಯರು ಶಾಫ್ಟನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕೂದಲೆಳೆಯಷ್ಟು ಆಟ ಇತ್ತು. ಬೇರಿಂಗ್ ಸವೆದಿದೆ. ಶಾಫ್ಟ್ ಕುಣಿಯುತ್ತಿದ್ದರೆ ಹೊಸ ಸೀಲೂ ಬೇಗ ಹೋಗುತ್ತದೆ, ಬೇರಿಂಗ್ ಹಾಕಬೇಕೆಂದರೆ ಇಂಜಿನ್ ಇಳಿಸಿ ಅದರ ಕೇಸು ಎರಡು ಭಾಗ ಮಾಡಲೇಬೇಕು.

ಸಂಜೆ ಹುಡುಗ ಮಾಗಡಿ ರಸ್ತೆಯವರಿಗೆ ಫೋನಿನಲ್ಲಿ ಇದನ್ನು ಹೇಳಿದ. "ನಾನು ಅವತ್ತೇ ಹೇಳ್ಲಿಲ್ವಾ, ಇಳಿಸ್ಬೇಕು ಅಂತ?" ಅಂದರು. ಮಾರನೆಯ ದಿನ ಹಿರಿಯರಿಗೆ ಅದನ್ನು ತಿಳಿಸಿದೆ. ಅವರು ಬಿ.ಪಿ. ಪಂಪಿಗೆ ಮೆತ್ತಿದ್ದ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತಾ, "ಇಳಿಸಲಿ ಬಿಡಿ, ಈಗ ಏನನ್ನ ನೋಡ್ಬೇಕು ಅಂತ ಅವರಿಗೂ ಗೊತ್ತಾಯ್ತಲ್ಲ" ಅಂದು ಪಂಪನ್ನು ನನ್ನ ಕೈಗೆ ಕೊಟ್ಟರು.