ವಿಮಾನ ಒಬ್ಬನದು, ವಿಷ ಊರಿನದು

ಅಮೆರಿಕದ ಕ್ಯಾಲಿಫೋರ್ನಿಯಾದವನೊಬ್ಬ ಫ್ಲಾರಿಡಾದಲ್ಲಿ ಪುಟ್ಟ ಸೆಸ್ನಾ 172 ವಿಮಾನ ಕೊಂಡನೆನ್ನಿ. ಅದನ್ನು ಊರಿಗೆ ತಲುಪಿಸಲು ಬಾಡಿಗೆ ಪೈಲಟ್ ಸಿಗುತ್ತಾನೆ. ಸುಮಾರು 3,800 ಕಿ.ಮೀ. ದೂರದ ಈ ಹಾರಾಟದಲ್ಲಿ ಪ್ರಯಾಣಿಕರಿಲ್ಲ, ಸರಕಿಲ್ಲ. ಉರಿಯುವುದು ಮಾತ್ರ ಸುಮಾರು 600 ಲೀಟರ್ ಇಂಧನ.

ಎಂಥ ಇಂಧನ? ಲೀಟರಿಗೆ 0.56 ಗ್ರಾಂವರೆಗೆ ಸೀಸ ಬೆರೆತದ್ದು. ಅಂದರೆ ಒಬ್ಬನ ಸೊತ್ತು ಸಾಗಿಸಲು 300 ಗ್ರಾಮಿಗೂ ಮಿಕ್ಕಿ ಸೀಸವು ದಾರಿಯುದ್ದಕ್ಕೂ, ಅದರಲ್ಲೂ ವಿಮಾನ ಇಳಿದೇರುವ ನಿಲ್ದಾಣಗಳ ಸುತ್ತಲಿನ ಮನೆ, ಹೊಲಗಳ ಮೇಲೆ ಬೀಳಬಹುದು. ಸೀಸ ಕೊಳೆಯುವುದಿಲ್ಲ, ಮೇಲ್ಮಣ್ಣಿನಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ, ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ.

ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲನ್ನು ಅಮೆರಿಕ 1996ರಲ್ಲಿ, ಭಾರತ 2000ದಲ್ಲಿ ನಿಲ್ಲಿಸಿದವು. ಸ್ಕೂಟರ್ ಸವಾರನಿಗೆ ಅನ್ವಯಿಸಿದ ನಿಯಮ ವಿಮಾನದ ಒಡೆಯನಿಗೇಕಿಲ್ಲ?

ಬದಲಿ ಇಲ್ಲವೆಂಬ ನೆಪ ಸಲ್ಲದು. ಸೀಸರಹಿತ ಇಂಧನವೊಂದಕ್ಕೆ ಅಲ್ಲಿನ ವಿಮಾನಯಾನ ಆಡಳಿತ 2022ರಲ್ಲೇ ಒಪ್ಪಿಗೆಯಿತ್ತಿತು. ಈ ಸೀಸದ ಹೊಗೆ ಜನಾರೋಗ್ಯಕ್ಕೆ ಅಪಾಯವೆಂದು ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ತೀರ್ಮಾನಿಸಿತು. ಆದರೂ 2024ರ ಕಾಯಿದೆ, ತಕ್ಕ ಬದಲಿ ಇಂಧನ ದೊರೆಯುವತನಕ ಇಲ್ಲವೇ 2030ರ ಕೊನೆಯವರೆಗೆ ಹಳೆಯದನ್ನೇ ಒದಗಿಸಬೇಕೆಂದು ನಿಲ್ದಾಣಗಳನ್ನು ಕಟ್ಟಿಹಾಕಿತು.

ಹಾರಾಟದ ಸುಖ ಒಬ್ಬನಿಗೆ, ವಿಷದ ಪಾಲು ನೆಲ ಉಳುವವನಿಗೆ. ಇದೆಂಥ ನ್ಯಾಯ?